ಮನಿಗೆ ಬ್ಯಾರೆ, ಮಾರಾಕ ಬ್ಯಾರೆ

ಬೆಂಗಳೂರಿನ ನಮ್ಮ ಬಾಡಿಗೆ ಮನೆಯ ತಾರಸಿ ಮೇಲೆ ಹನ್ನೊಂದು ಗ್ರೋ ಬ್ಯಾಗ್ ಇವೆ. ಮೆಂತ್ಯ, ಕೊತ್ತಂಬರಿ, ಪುಂಡಿಪಲ್ಲೆ, ನಾಲ್ಕು ಬದನೆ ಗಿಡ, ಒಂದು ಹೀರೆಬಳ್ಳಿ. ಇಷ್ಟಿದ್ದರೆ ಸಾಕು, ಆಫೀಸಿನಲ್ಲಿ ನಿಮ್ಮನ್ನ ರೈತ ಅಂತಲೇ ಕರೀತಾರೆ. ‘ಯಾಕ್ರೀ ಇಷ್ಟೆಲ್ಲ ಕಷ್ಟ?’ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಒಂದು ರೆಡಿ ಉತ್ತರ ಇತ್ತು: ‘ಮಗಳಿಗೆ ವಿಷ ಇಲ್ಲದ ಕಾಯಿಪಲ್ಲೆ ತಿನ್ನಿಸಬೇಕು.’ ಒಳ್ಳೆಯ ಉತ್ತರವೇ. ಅದರಲ್ಲೇನೋ ಕಡಿಮೆಯಿದೆ ಅಂತ ಗೊತ್ತಾಗಿದ್ದು ಮಾವನ ಹೊಲದಲ್ಲಿ.

ನನ್ನೂರು ಯಲಬುರ್ಗಾ ತಾಲ್ಲೂಕಿನ ಹಳ್ಳಿ. ಸೋದರಮಾವನದು ಗಂಗಾವತಿ ಕಡೆ. ಎರಡೂ ಕೊಪ್ಪಳ ಜಿಲ್ಲೆಯೇ, ಆದರೆ ಎರಡು ಬೇರೆ ಲೋಕ. ಮುನಿರಾಬಾದಿನ ತುಂಗಭದ್ರಾ ಅಣೆಕಟ್ಟೆಯಿಂದ ಎಡದಂಡೆ ಕಾಲುವೆ ಹೊರಟು ಗಂಗಾವತಿಯನ್ನು ಭತ್ತದ ಕಣಜ ಮಾಡಿತು. ಯಲಬುರ್ಗಾ, ಕುಷ್ಟಗಿಯ ಬಹಳಷ್ಟು ಹೊಲಗಳು ಮುಗಿಲು ನೋಡ್ತಾ ಉಳಿದವು. ನಾವು ಸಣ್ಣವರಿದ್ದಾಗ ರಜೆಗೆ ಮಾವನ ಊರಿಗೆ ಹೋಗೋದೇ ಹಸಿರು ನೋಡೋಕೆ.

ಹೋದ ವರ್ಷ ದೀಪಾವಳಿಗೆ ಹೋಗಿದ್ದೆ. ಮಾವನಿಗೆ ಗದ್ದೆ ಬಿಟ್ಟು ಅರ್ಧ ಎಕರೆ ಬದನೆ ಇದೆ. ಕಾಯಿ ಹೊಳೀತಾ ಇದ್ದವು. ಬೆಂಗಳೂರಿಗೆ ನಾಲ್ಕು ಒಯ್ಯೋಣ ಅಂತ ಕೈ ಹಾಕಿದೆ.

‘ಅದನ್ನ ಮುಟ್ಟಬ್ಯಾಡ ಅಳಿಯಾ. ನಿನ್ನೆ ಎಣ್ಣಿ ಹೊಡದೀನಿ. ಅದು ಮಾರಾಕ. ಮನಿಗೆ ಹಿತ್ತಲದಾಗ ಐತಿ, ನಿಮ್ಮ ಅತ್ತಿ ಕೊಡ್ತಾಳ.’

ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಾರೆ. ಬದುವಿನ ಮೇಲೆ ಖಾಲಿ ಬಾಟಲಿ ಬಿದ್ದಿತ್ತು, ಲೇಬಲ್ ಮೇಲೆ ಹಳದಿ ತ್ರಿಕೋನ. ವಿಷ ಎಷ್ಟು ಜೋರು ಅನ್ನೋದನ್ನ ಹೀಗೆ ಬಣ್ಣದಲ್ಲೇ ಹೇಳಿರುತ್ತಾರೆ: ಕೆಂಪು ಎಲ್ಲಕ್ಕಿಂತ ಜೋರು, ಆಮೇಲೆ ಹಳದಿ, ನೀಲಿ, ಹಸಿರು. ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕೊಯ್ಯಬೇಕು ಅನ್ನೋದೂ ಸಣ್ಣಕ್ಷರದಲ್ಲಿ ಇರುತ್ತೆ. ಆದರೆ ಬದನೆಕಾಯಿ ಅದನ್ನೆಲ್ಲ ಓದಲ್ಲ. ಕೆಲವೇ ದಿನಕ್ಕೊಮ್ಮೆ ಕೊಯ್ಯದಿದ್ದರೆ ಬಲಿತು ಹೋಗುತ್ತೆ. ಕಾಯಿಕೊರಕ ಹುಳ ಒಳಗೆ ಸೇರಿಕೊಂಡರೆ ಎಣ್ಣಿ ಅದಕ್ಕೆ ತಾಗೋದೂ ಇಲ್ಲ. ಹಾಗಾಗಿ ಮತ್ತೆ ಮತ್ತೆ ಹೊಡೆಯೋದು.

ಮನೆ ಹಿಂದಿನ ಹಿತ್ತಲದಲ್ಲಿ ಅತ್ತೆಯದೇ ಬೇರೆ ರಾಜ್ಯ. ಬಚ್ಚಲ ನೀರಿಗೆ ಕರಿಬೇವು, ನುಗ್ಗೆ, ಬೇಲಿಗೆ ಹೀರೆಬಳ್ಳಿ, ಒಂದು ಮಡಿ ಮೆಂತ್ಯ, ಐದಾರು ಬದನೆ. ಹೇನು ಬಿದ್ದರೆ ಒಲೆಯ ಬೂದಿ ಉಗ್ಗೋದು, ಅಷ್ಟೇ ಔಷಧ.

ನನಗೆ ಸಿಟ್ಟು ಬಂತು. ‘ಅಂದ್ರ ಪ್ಯಾಟಿಯಾಗ ತಿನ್ನೋರು ಮನುಷ್ಯಾರಲ್ಲೇನು ಮಾವಾ?’ ಅಂದೆ. ನಮ್ಮಪ್ಪನ ಹೊಲದ ನೆನಪು ಬಂದಿತ್ತು. ಎರೆ ಹೊಲದ ಹಿಂಗಾರಿ ಜೋಳಕ್ಕೆ ಒಂದೇ ರಾಶಿ. ಮನೆಗೂ ಅದೇ, ಮಾರಾಟಕ್ಕೂ ಅದೇ.

ಮಾವ ಸಿಟ್ಟಾಗಲಿಲ್ಲ. ‘ನೀ ಬೆಂಗಳೂರಾಗ ಬದನಿಕಾಯಿ ತಗೊಳ್ಳೋ ಮುಂದ ತೂತು ಇದ್ದದ್ದು ತಗೋತೀಯೇನು?’

ನಾನು ಸುಮ್ಮನಾದೆ.

‘ಸಂತ್ಯಾಗ ತೂತಿನ ಕಾಯಿ ಇದ್ದ ಬುಟ್ಟೀನ ದಲಾಲಿ ಕಾಲಿಲೆ ಸರಸ್ತಾನ. ನೀವು ಹೊಳಪು ಕೇಳ್ತೀರಿ, ನಾ ಹೊಳಪು ಬೆಳೀತೀನಿ. ಎಣ್ಣಿ ಮದಲ ಹೋಗೂದು ನನ್ನ ಮೂಗಿನಾಗ, ನಿನ್ನ ತಾಟಿಗಲ್ಲ.’

ಬಸ್ಸಿನಲ್ಲಿ ವಾಪಸ್ ಬರುವಾಗ ಇಡೀ ರಾತ್ರಿ ಇದೇ ತಲೆಯಲ್ಲಿ. ಮೊದಲು ಅಪ್ಪನ ಒಂದೇ ರಾಶಿಯ ಹೆಮ್ಮೆ ಕರಗಿತು. ನಮ್ಮ ಹೊಲಕ್ಕೆ ನೀರೇ ಇಲ್ಲ, ಬದನೆ ಹಾಕೋ ಆಸೆಯೇ ಹುಟ್ಟಲಿಲ್ಲ. ಕೆಟ್ಟದ್ದು ಮಾಡೋಕೆ ಅವಕಾಶ ಸಿಗದೇ ಇದ್ದದ್ದನ್ನ ನಾನು ಒಳ್ಳೆಯತನ ಅಂದುಕೊಂಡಿದ್ದೆ.

ಆಮೇಲೆ ನನ್ನ ಕೆಲಸ ನೆನಪಾಯಿತು. ಒಂದು ಗೇಮ್ ಆ್ಯಪ್‌ಗೆ ನೋಟಿಫಿಕೇಶನ್ ಯಾವ ಹೊತ್ತಿಗೆ ಹೋಗಬೇಕು ಅಂತ ಲೆಕ್ಕ ಹಾಕೋದು ನನ್ನ ಕೆಲಸ. ಆಟ ಬಿಟ್ಟು ಎದ್ದವರು ಯಾವಾಗ ಕರೆದರೆ ತಿರುಗಿ ಬರ್ತಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಮಗಳ ಕೈಗೆ ಮಾತ್ರ ಫೋನ್ ಕೊಡಲ್ಲ. ಮನಿಗೆ ಬ್ಯಾರೆ, ಮಾರಾಕ ಬ್ಯಾರೆ. ಮಾವನಿಗೂ ನನಗೂ ಇರೋ ವ್ಯತ್ಯಾಸ ಇಷ್ಟೇ: ಅವನು ಮುಟ್ಟಬೇಡ ಅಂತ ಬಾಯಿಬಿಟ್ಟು ಹೇಳಿದ, ನಾನು ಯಾರಿಗೂ ಹೇಳಿಲ್ಲ. ನೀವು ಯಾವ ಕಂಪನಿಯಲ್ಲಿದ್ದೀರೋ ನನಗೆ ಗೊತ್ತಿಲ್ಲ. ನೀವು ಮಾಡಿದ್ದನ್ನ ನಿಮ್ಮ ಮನೆಯವರ ತಾಟಿಗೆ ಹಾಕ್ತೀರಾ ಅಂತ ಒಮ್ಮೆ ಕೇಳಿಕೊಳ್ಳಿ.

ನಮ್ಮವರಿಗೆ ಮೊದಲು ಒಳ್ಳೆಯದು ಕೊಡೋದು ತಪ್ಪಾ? ಅಲ್ಲ. ಎಲ್ಲ ತಾಯಂದಿರೂ ಮಾಡೋದು ಅದನ್ನೇ. ತಪ್ಪು ಶುರುವಾಗೋದು ನಮಗೆ ಬೇಡವಾದದ್ದು ಕಾಣದವರಿಗೆ ನಡೆಯುತ್ತೆ ಅಂದುಕೊಂಡಾಗ. ಕಾಣದ ಬಾಯಿ ನಮ್ಮ ಜನಕ್ಕೆ ಹೊಸದೇನಲ್ಲ. ಪ್ರತಿ ವರ್ಷ ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿಂದ ರೊಟ್ಟಿ ತುಂಬಿದ ಗಾಡಿ ಹೋಗುತ್ತವೆ. ಯಾರ ಮನೆ ರೊಟ್ಟಿ ಯಾರ ತಾಟಿಗೆ ಬೀಳುತ್ತೋ ಯಾರಿಗೂ ಗೊತ್ತಿರಲ್ಲ. ಆದರೂ ದಾಸೋಹದ ರೊಟ್ಟಿಗೆ ಅತ್ತೆ ಹಿಟ್ಟು ಬೇರೆ ಮಾಡಲ್ಲ. ಅದೇ ಮನೆಯಿಂದ ಸಂತೆಗೆ ಹೋಗೋ ಬುಟ್ಟಿಗೆ ಮಾತ್ರ ಬೇರೆ ನಿಯಮ. ಜಾತ್ರೆಯಲ್ಲಿ ರೊಟ್ಟಿ ಸುಟ್ಟಿದೆ ಅಂತ ಯಾರೂ ಅದನ್ನ ಕಾಲಿಂದ ಸರಿಸಲ್ಲ. ಸಂತೆಯಲ್ಲಿ ಸರಿಸ್ತಾರೆ.

ಬೇರೆ ಅಂತ ಗೆರೆ ಎಳೆದರೂ ಅದು ಉಳಿಯಲ್ಲ. ಮಾವನ ಬದನೆ ಹೊಲಕ್ಕೂ ಅತ್ತೆಯ ಹಿತ್ತಲಕ್ಕೂ ನಡುವೆ ನಲವತ್ತು ಹೆಜ್ಜೆ. ಗಾಳಿಗೆ ಅದು ಎಷ್ಟರದ್ದು? ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿದರು. ಅದು ತೋಟದಲ್ಲೇ ನಿಲ್ಲಲಿಲ್ಲ, ಪಕ್ಕದ ಮನೆಗಳಿಗೂ ಇಳಿಯಿತು. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಾದ್ಯಂತ ತಡೆ ಹಾಕುವ ಹೊತ್ತಿಗೆ ಎಷ್ಟೋ ಮನೆಗಳು ಬೆಲೆ ತೆತ್ತಾಗಿತ್ತು. ನನ್ನ ಮಗಳೂ ಅಷ್ಟೇ. ಮನೆಯಲ್ಲಿ ಫೋನ್ ಇಲ್ಲ, ಶಾಲೆಯ ವ್ಯಾನಿನಲ್ಲಿ ಪಕ್ಕದ ಹುಡುಗನ ಕೈಯಲ್ಲಿದೆ.

ಹಾಗಾದರೆ ಈ ಹನ್ನೊಂದು ಬ್ಯಾಗ್ ಯಾಕೆ? ಇವು ಮಗಳ ಹೊಟ್ಟೆ ತುಂಬಿಸಲ್ಲ. ವಾರಕ್ಕೆ ಒಂದು ಹಿಡಿ ಸೊಪ್ಪು, ತಿಂಗಳಿಗೆ ನಾಲ್ಕು ಬದನೆ. ಉಳಿದದ್ದೆಲ್ಲ ತಳ್ಳುಗಾಡಿಯಿಂದಲೇ. ಆದರೆ ನನ್ನ ಗಿಡದ ಮೊದಲ ಬದನೆಗೂ ತೂತಿತ್ತು. ಎರಡು ತಿಂಗಳಿಗೂ ಹೆಚ್ಚು ಕಾದಿದ್ದೆ, ಬಿಸಾಡೋಕೆ ಮನಸ್ಸು ಬರಲಿಲ್ಲ. ಹುಳುಕು ಕೆತ್ತಿ ತೆಗೆದು ಎಣಗಾಯಿ ಮಾಡಿದೆವು. ಚೆನ್ನಾಗೇ ಇತ್ತು. ನನ್ನ ಕುಂಡದ ತೂತು ನಡೆಯೋದಾದರೆ ಗಾಡಿಯ ತೂತು ಯಾಕೆ ನಡೆಯಬಾರದು?

ಈಗ ಗಾಡಿಯಲ್ಲಿ ಒಂದೆರಡು ತೂತಿನವನ್ನೂ ಆರಿಸ್ತೀನಿ. ಗಾಡಿಯವರು ಮೊದಲು ‘ಅದು ಬೇಡ ಸಾರ್, ಹುಳ’ ಅಂತ ತೆಗೆದಿಟ್ಟರು. ಈಗ ಸುಮ್ಮನೆ ತೂಗ್ತಾರೆ. ಆಫೀಸಿನ ಮೀಟಿಂಗಿನಲ್ಲಿ, ರಾತ್ರಿ ಒಂಬತ್ತರ ಮೇಲೆ ಮಕ್ಕಳ ಅಕೌಂಟಿಗೆ ನೋಟಿಫಿಕೇಶನ್ ಬೇಡ ಅಂದೆ. ‘ನೋಡೋಣ’ ಅಂದರು. ಇದರಿಂದ ಮಾವನ ಸಾಲ ತೀರಲ್ಲ, ದಲಾಲಿಯ ಕಾಲೂ ನಿಲ್ಲಲ್ಲ ಅಂತ ಗೊತ್ತಿದೆ.

ಮಾವ ಈ ಸಲವೂ ಎಣ್ಣಿ ಹೊಡೆದಿದ್ದಾನೆ. ನಾನೂ ಅದೇ ಆಫೀಸಿಗೆ ಹೋಗ್ತಿದ್ದೀನಿ. ಆದರೆ ಗಿಡ ಯಾಕೆ ಬೆಳೆಸ್ತೀರಿ ಅಂತ ಕೇಳಿದವರಿಗೆ ಹಳೇ ಉತ್ತರ ಹೇಳೋದು ಬಿಟ್ಟಿದ್ದೀನಿ. ತೂತಿನ ಬದನೆಕಾಯಿ ತಿನ್ನೋದು ಕಲಿಯೋಕೆ ಅಂತೀನಿ. ನಗ್ತಾರೆ. ನಗಲಿ.