ಶಾಸ್ತ್ರವಾಸನೆಯೂ ಮಕ್ಕಳ ಓದೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳನ್ನೊಳಗೊಂಡ ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ ಅರವತ್ತು ತುಂಬಿದ ಉಪಾಧ್ಯಾಯರು ವರ್ಷವರ್ಷವೂ ಸೇವೆಯಿಂದ ನಿವೃತ್ತರಾಗುತ್ತಾರೆ. ಪಾಠ ಹೇಳುವುದರ ಜೊತೆಗೆ ಶಾಲೆಯ ಪುಸ್ತಕಭಂಡಾರದ ಹೊಣೆಯನ್ನೂ ಹೊತ್ತು, ಮಕ್ಕಳಲ್ಲಿ ಓದಿನ ಪ್ರೀತಿಯನ್ನು ಹುಟ್ಟಿಸಿದ ಪುಣ್ಯವಂತರೂ ಅವರಲ್ಲಿ ಇರುತ್ತಾರೆ. ಅಂಥವರನ್ನು ಬೀಳ್ಕೊಡುವ ಸಭೆಯಲ್ಲಿ ವಿದ್ಯಾದಾನದ ಮಹಿಮೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಹೇಳತಕ್ಕದ್ದೇ ಸರಿ, ಆದರೆ ಆ ಪ್ರಶಂಸೆಯ ಹಿಂದೆ ಒಂದು ಕಠಿಣವಾದ ಪ್ರಶ್ನೆ ಅಡಗಿದೆ. ರಾಗವನ್ನು ಕಳೆದುಕೊಂಡಲ್ಲದೆ ಮುಕ್ತಿಯಿಲ್ಲವೆಂದು ನಮ್ಮ ಮೋಕ್ಷಶಾಸ್ತ್ರಗಳು ಸಾರುತ್ತಿರುವಲ್ಲಿ, ಎಳೆಯ ಮನಸ್ಸಿನಲ್ಲಿ ಹೊಸದೊಂದು ರಾಗವನ್ನು ಬಿತ್ತಿದವನು ಮಾಡಿದ್ದು ಉಪಕಾರವೋ, ಬಂಧನಕ್ಕೆ ಮತ್ತೊಂದು ಗಂಟೋ?

ಇದು ತರ್ಕದ ಚಮತ್ಕಾರಕ್ಕಾಗಿ ಎತ್ತಿದ ಶಂಕೆಯಲ್ಲ. ಶೃಂಗೇರಿಯ ಪೀಠವನ್ನಲಂಕರಿಸಿದ ವಿದ್ಯಾರಣ್ಯರು ತಮ್ಮ ‘ಜೀವನ್ಮುಕ್ತಿವಿವೇಕ’ದಲ್ಲಿ ಮುಕ್ತಿಗೆ ಅಡ್ಡಿಯಾಗುವ ಲೋಕವಾಸನೆ, ದೇಹವಾಸನೆಗಳ ಸಾಲಿನಲ್ಲಿಯೇ ಶಾಸ್ತ್ರವಾಸನೆಯನ್ನೂ ನಿಲ್ಲಿಸಿ, ಪಾಠವ್ಯಸನಕ್ಕೆ ಭರದ್ವಾಜನನ್ನು ದೃಷ್ಟಾಂತವಾಗಿ ಕೊಟ್ಟಿದ್ದಾರೆ. ತೈತ್ತಿರೀಯ ಬ್ರಾಹ್ಮಣದಲ್ಲಿ ಬರುವ ಕಥೆ ಅದು. ಮೂರು ಆಯುಷ್ಯಗಳನ್ನು ವೇದಾಧ್ಯಯನದಲ್ಲಿಯೇ ಕಳೆದು ಜೀರ್ಣನಾಗಿ ಮಲಗಿದ್ದ ಆ ಋಷಿಯ ಬಳಿಗೆ ಇಂದ್ರನು ಬಂದು, ನಾಲ್ಕನೆಯ ಆಯುಷ್ಯವನ್ನು ಕೊಟ್ಟರೆ ಏನು ಮಾಡುವೆಯೆಂದು ಕೇಳಲು, ಅದರಲ್ಲಿಯೂ ಬ್ರಹ್ಮಚರ್ಯವನ್ನೇ ಆಚರಿಸುವೆನೆಂದು ಋಷಿಯು ನುಡಿದನು. ಆಗ ಇಂದ್ರನು ಮೂರು ಪರ್ವತಗಳನ್ನು ತೋರಿಸಿ, ಒಂದೊಂದರಿಂದ ಒಂದೊಂದು ಹಿಡಿ ತೆಗೆದುಕೊಂಡು, ವೇದಗಳು ಅನಂತವೆಂದೂ ಮೂರು ಆಯುಷ್ಯಗಳಲ್ಲಿ ದೊರೆತದ್ದು ಇಷ್ಟೇ ಎಂದೂ ತಿಳಿಸಿದನು. ಏಕಶಿಲೆಯ ಬೆಟ್ಟದ ಬುಡದಲ್ಲಿ ಬೆಳೆದ ಮಧುಗಿರಿಯ ಮಗುವಿಗೆ ಈ ಹಿಡಿಗೂ ಆ ಪರ್ವತಕ್ಕೂ ಇರುವ ಅಂತರವನ್ನು ವಿವರಿಸಬೇಕಾದುದಿಲ್ಲ. ವಚನಕಾರರೂ ನಡೆಯಿಲ್ಲದ ಓದನ್ನು ಎಷ್ಟು ಬಗೆಯಾಗಿ ಹಳಿದಿರುವರೆಂಬುದು ಕನ್ನಡಿಗರಿಗೆ ತಿಳಿದದ್ದೇ.

ಹೀಗಿದ್ದರೂ ಆ ಕಥೆಯ ಮುಂದಿನ ಭಾಗವನ್ನು ನಾವು ಮರೆಯಲಾಗದು. ಇಂದ್ರನು ಭರದ್ವಾಜನನ್ನು ನಿಂದಿಸಿ ಹೋಗಲಿಲ್ಲ. ಬಾ, ಇದನ್ನು ತಿಳಿದುಕೊ ಎಂದು ಕರೆದು ಸಾವಿತ್ರಾಗ್ನಿಯ ವಿದ್ಯೆಯನ್ನು ಉಪದೇಶಿಸಿದನು. ದೇವರಾಜನನ್ನು ಆ ಮುದುಕನ ಹಾಸಿಗೆಯವರೆಗೆ ಎಳೆದು ತಂದದ್ದು ಓದಿನ ಪ್ರೀತಿಯಲ್ಲದೆ ಮತ್ತೇನು? ಆದಕಾರಣ ದೋಷವಿರುವುದು ಆ ಪ್ರೀತಿಯಲ್ಲಲ್ಲ, ಅನಂತವಾದುದನ್ನು ಸಂಪಾದಿಸಿ ಮುಗಿಸಿ ತನ್ನದಾಗಿಸಿಕೊಳ್ಳುವೆನೆಂಬ ಮಮಕಾರದಲ್ಲಿ ಎಂದು ನಾನು ತಿಳಿಯುತ್ತೇನೆ.

ಮಗುವಿನ ಓದಿನಲ್ಲಿ ಆ ಮಮಕಾರ ಇನ್ನೂ ಮೊಳೆತಿರುವುದಿಲ್ಲ. ಮಳೆ ಕಾಣದ ಪಾವಗಡದ ಸೀಮೆಯಲ್ಲಿ, ದನಕ್ಕೆ ಮೇವು ಹೊಂದಿಸುವ ಕಷ್ಟವನ್ನು ಮನೆಯಲ್ಲಿಯೇ ಕಂಡ ಹುಡುಗನೊಬ್ಬನು ಪುಣ್ಯಕೋಟಿಯ ಕಥೆಯನ್ನೋದಿ ಕಣ್ಣೀರಿಡುವಾಗ, ಆ ಹಸು ಅವನದಲ್ಲ, ಆ ಕರು ಅವನದಲ್ಲ, ಆ ದುಃಖವೂ ಅವನೊಬ್ಬನದಲ್ಲ. ರಸಮೀಮಾಂಸಕನಾದ ಭಟ್ಟನಾಯಕನು ಸಾಧಾರಣೀಕರಣವೆಂದು ಕರೆದದ್ದು ಈ ಸ್ಥಿತಿಯನ್ನೇ: ನನ್ನದು, ಪರರದು ಎಂಬ ಗೆರೆ ಕ್ಷಣಕಾಲ ಅಳಿಸಿಹೋಗಿ, ಚಿತ್ತವು ಸ್ವಾರ್ಥವಿಲ್ಲದೆ ದ್ರವಿಸುವುದು. ಆಲಂಕಾರಿಕರು ಕಾವ್ಯಾನಂದವನ್ನು ಬ್ರಹ್ಮಾನಂದದ ಸಹೋದರವೆಂದುದು ಬರಿಯ ಹೊಗಳಿಕೆಯಲ್ಲ. ಅಹಂಕಾರವನ್ನು ಸಡಿಲಿಸುವ ಸಾಧನೆಯಲ್ಲಿ ಬಹುಮಂದಿ ಮಕ್ಕಳಿಗೆ ಮೊದಲ ಮೆಟ್ಟಿಲು ಕಥೆಯ ಪುಸ್ತಕವೇ ಆಗಿರುವುದರಿಂದ, ಇತರ ರಾಗಗಳು ಬಿಗಿಯುವಂತೆ ಈ ರಾಗವು ಬಿಗಿಯುವುದಿಲ್ಲ.

ಈ ಪ್ರೀತಿಯನ್ನು ಆಜ್ಞೆಯಿಂದ ಹುಟ್ಟಿಸಲಾಗುವುದಿಲ್ಲ. ಬಾಯಿಪಾಠವನ್ನು ಬೆತ್ತದಿಂದಲೂ ಮಾಡಿಸಬಹುದು; ಆದರೆ ಕಥೆಯ ಮಧ್ಯದಲ್ಲಿ ಓದು ನಿಲ್ಲಿಸಿ, ಮುಂದೇನಾಯಿತೆಂದು ಮಕ್ಕಳು ಕೇಳಿದಾಗ ಪುಸ್ತಕವನ್ನೇ ಅವರ ಕೈಗಿತ್ತು ಸುಮ್ಮನಾಗುವ ಗುರುವಿಗೆ ಮಾತ್ರ ಇದು ಸಾಧ್ಯ. ಪುಸ್ತಕ ಕೊಟ್ಟರೆ ಹರಿದೀತು, ಕಳೆದೀತು, ದಾಸ್ತಾನು ವಹಿಯಲ್ಲಿ ಲೆಕ್ಕ ತಪ್ಪಿ ತಾನೇ ತೆರಬೇಕಾದೀತು ಎಂಬ ಭಯದಿಂದ ಬೀರುವಿಗೆ ಬೀಗ ಹಾಕಿ ಕೀಲಿಯನ್ನು ಜೇಬಿನಲ್ಲಿರಿಸಿಕೊಳ್ಳುವ ಉಪಾಧ್ಯಾಯರು ದುಷ್ಟರಲ್ಲ, ಭೀತರು. ಆ ಭಯವನ್ನು ಅವರ ಮೇಲೆ ಹೊರಿಸಿದ ನಿಯಮಗಳು ಸಡಿಲವಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಶಾಲೆಯಲ್ಲಿ ನಿಜವಾದ ಬಂಧನವೆಂಬುದು ಇದ್ದರೆ ಅದು ಆ ಬೀಗ.

ಆ ಬೀಗವನ್ನು ತೆಗೆಯಿಸುವುದಕ್ಕೆ ಜೀವಮಾನವನ್ನೇ ಸವೆಸಿದವರು ಎಸ್. ಆರ್. ರಂಗನಾಥನ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತವನ್ನು ಬೋಧಿಸುತ್ತಿದ್ದ ಅವರು 1924ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದ ಗ್ರಂಥಪಾಲಕರಾದರು. ಮೊದಲು ಆ ಕೆಲಸ ಹಿಡಿಸದೆ ಪಾಠಕ್ಕೇ ಮರಳಬೇಕೆಂದು ಹಂಬಲಿಸಿದವರು, ಇಂಗ್ಲೆಂಡಿನ ಗ್ರಂಥಾಲಯಗಳನ್ನು ನೋಡಿ ಬಂದ ಮೇಲೆ ಅದನ್ನೇ ವ್ರತವಾಗಿ ಸ್ವೀಕರಿಸಿದರು. 1931ರಲ್ಲಿ ಅವರು ಪ್ರಕಟಿಸಿದ ಪಂಚಸೂತ್ರಗಳಲ್ಲಿ ಮೊದಲನೆಯದು, ಗ್ರಂಥವಿರುವುದು ಬಳಕೆಗಾಗಿಯೇ ಹೊರತು ಕಾಪಿಡುವುದಕ್ಕಲ್ಲ ಎಂಬ ಅರ್ಥದ್ದು. ಅದೇ ವರ್ಷ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯೊಂದು ಪುಸ್ತಕಗಳನ್ನು ಹೇರಿಕೊಂಡು ಹಳ್ಳಿಗಳಿಗೆ ಹೊರಟಿತು. ವೃದ್ಧಾಪ್ಯವನ್ನು ಬೆಂಗಳೂರಿನಲ್ಲಿ ಕಳೆದ ಅವರು, ಎಪ್ಪತ್ತರ ವಯಸ್ಸಿನಲ್ಲಿ, 1962ರಲ್ಲಿ, ಅಲ್ಲಿ ಹೊಸದೊಂದು ಶಿಕ್ಷಣಕೇಂದ್ರವನ್ನು ಕಟ್ಟಿ, 1972ರಲ್ಲಿ ತೀರಿಕೊಂಡರು. ಆ ಹತ್ತು ವರ್ಷಗಳ ನಡುವೆಯೇ, 1965ರಲ್ಲಿ, ನಮ್ಮ ನಾಡಿನ ಸಾರ್ವಜನಿಕ ಗ್ರಂಥಾಲಯಗಳ ಶಾಸನವೂ ಬಂದಿತು. ರಂಗನಾಥನ್ ಅವರಿಗಿಂತ ಸುಮಾರು ಸಾವಿರ ವರ್ಷ ಹಿಂದೆ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ದಾನಚಿಂತಾಮಣಿ ಅತ್ತಿಮಬ್ಬೆಯೂ ಇದೇ ಧರ್ಮವನ್ನು ನಡೆಸಿದ್ದಳು. ಅನ್ನ, ಔಷಧ, ಅಭಯಗಳ ಸಮಕ್ಕೆ ಶಾಸ್ತ್ರದಾನವನ್ನಿಟ್ಟ ಜೈನಧರ್ಮದ ಔದಾರ್ಯಕ್ಕೆ ಕನ್ನಡವು ಎಂದೆಂದಿಗೂ ಋಣಿ.

ಇನ್ನುಳಿದದ್ದು ಗುರುವಿನ ಸ್ವಂತ ರಾಗದ ವಿಚಾರ. ಮಕ್ಕಳನ್ನು ಬಿಟ್ಟಿರಲಾರದೆ, ನಿವೃತ್ತಿಯ ಮರುದಿನವೇ ಊರಿನ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ ಕುಳಿತು ಕಥೆ ಹೇಳತೊಡಗಿದವನನ್ನು ಮೋಹಗ್ರಸ್ತನೆನ್ನಬೇಕೆ? ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಋತ, ಸತ್ಯ, ದಮ, ಶಮ, ಅತಿಥಿಸತ್ಕಾರ ಎಂದು ಒಂದೊಂದು ಕರ್ತವ್ಯವನ್ನು ಹೆಸರಿಸಿದಾಗಲೂ ಅದರ ಜೊತೆಗೆ ಸ್ವಾಧ್ಯಾಯಪ್ರವಚನಗಳನ್ನು ಬಿಡದೆ ಸೇರಿಸಲಾಗಿದೆ. ಕೊನೆಯಲ್ಲಿ ಮೂವರು ಋಷಿಗಳ ಮತಗಳು ಬರುತ್ತವೆ: ರಾಥೀತರನಿಗೆ ಸತ್ಯವೇ ಮುಖ್ಯ, ಪೌರುಶಿಷ್ಟಿಗೆ ತಪಸ್ಸೇ ಮುಖ್ಯ, ನಾಕ ಮೌದ್ಗಲ್ಯನಿಗಾದರೋ ಓದುವುದೂ ಓದಿಸುವುದೂ ತಾನೇ ತಪಸ್ಸು. ಆ ತಪಸ್ಸಿಗೆ ಅರವತ್ತು ವರ್ಷವೆಂಬ ಮಿತಿಯನ್ನು ಆ ಋಷಿಯು ಹೇಳಿಲ್ಲ.