ಸೊಂಟ ಮುರಿದ ಮೇಲಿನ ಬದುಕು ಮತ್ತು ಪರಾವಲಂಬನೆಯ ಪ್ರಶ್ನೆ

ಇಳಿವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದ ನೂರು ಮಂದಿಯಲ್ಲಿ ಸುಮಾರು 20ರಿಂದ 30 ಮಂದಿ ವರ್ಷದೊಳಗೆ ತೀರಿಕೊಳ್ಳುತ್ತಾರೆ. ಉಳಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಮೊದಲಿನ ನಡಿಗೆ ಮರಳುವುದಿಲ್ಲ. ಬೇಗ ಶಸ್ತ್ರಚಿಕಿತ್ಸೆ ಮಾಡಿ, ಮರುದಿನವೇ ಎಬ್ಬಿಸಿ ನಿಲ್ಲಿಸುವುದು ಇಂದಿನ ಪದ್ಧತಿ. ಮಲಗಿದಲ್ಲೇ ಉಳಿದರೆ ನ್ಯುಮೋನಿಯಾ, ಹಾಸಿಗೆಹುಣ್ಣುಗಳ ಅಪಾಯವಿದೆ. ಆದರೆ ನಡಿಗೆ ಮರಳದ ಬದುಕಿಗೆ ಬೆಲೆಯೆಷ್ಟು ಎಂಬುದಕ್ಕೆ ವೈದ್ಯಶಾಸ್ತ್ರವೊಂದೇ ಉತ್ತರ ಕೊಡಲಾರದು.

2000ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, 75 ದಾಟಿದ ಮಹಿಳೆಯರ ಪೈಕಿ ಶೇ. 80ರಷ್ಟು ಮಂದಿ ಸೊಂಟ ಮುರಿದು ಆರೈಕೆಗೃಹ ಸೇರುವುದಕ್ಕಿಂತ ಸಾವೇ ಮೇಲೆಂದರು. ಈ ಭಯವನ್ನು ಹಗುರವಾಗಿ ಕಾಣಲಾಗದು. ಆದರೂ ಅದು ಮುಂದೆ ಬರಬಹುದಾದ ಸ್ಥಿತಿಯ ಊಹೆ. ತೀವ್ರ ಅಂಗವೈಕಲ್ಯದೊಂದಿಗೆ ಬಾಳುತ್ತಿರುವ ಅನೇಕರು ತಮ್ಮ ಬದುಕು ಚೆನ್ನಾಗಿದೆ ಎಂದೇ ಹೇಳುವುದನ್ನು ಸಮಾಜಶಾಸ್ತ್ರಜ್ಞರು ದಾಖಲಿಸಿದ್ದಾರೆ.

ತತ್ತ್ವಜ್ಞಾನಿ ಅಲಸ್ಡೇರ್ ಮ್ಯಾಕಿಂಟೈರ್ 1999ರ ‘ಡಿಪೆಂಡೆಂಟ್ ರ‍್ಯಾಷನಲ್ ಅನಿಮಲ್ಸ್’ ಕೃತಿಯಲ್ಲಿ ವಾದಿಸುವಂತೆ, ಶೈಶವ, ಕಾಯಿಲೆ, ಮುಪ್ಪುಗಳಲ್ಲಿ ಪರರನ್ನು ಆಶ್ರಯಿಸುವುದು ಮನುಷ್ಯ ಸ್ಥಿತಿಗೆ ಹೊರತಾದುದಲ್ಲ. ಸಾವೇ ಮೇಲೆಂಬ ಆ ಭಯಕ್ಕಿಂತ ಈ ವಾದ ಹೆಚ್ಚು ಸರಿ. ಹಾಗಿದ್ದರೆ ಮುದುಕರು ಹೊರೆಯೆನಿಸುವುದಕ್ಕೆ ಅವರ ಕಾಲಿಗಿಂತ ಸುತ್ತಲಿನ ಆರೈಕೆಯ ಕೊರತೆಯೇ ದೊಡ್ಡ ಕಾರಣ.

ಇಷ್ಟರಿಂದ ಎಲ್ಲರಿಗೂ ಶಸ್ತ್ರಚಿಕಿತ್ಸೆಯೇ ಸರಿಯೆಂದಾಗದು. ನೆದರ್ಲೆಂಡ್ಸ್‌ನ ಅಧ್ಯಯನವೊಂದರಲ್ಲಿ, ಸೊಂಟ ಮುರಿದ ಆರೈಕೆಗೃಹವಾಸಿಗಳಾದ ತೀರ ದುರ್ಬಲ ವೃದ್ಧರಲ್ಲಿ ಕೆಲವರು, ಮನೆಯವರು ಮತ್ತು ವೈದ್ಯರೊಡನೆ ಕೂಡಿ ಚರ್ಚಿಸಿ ಅದನ್ನು ಬೇಡವೆಂದರು. ಅವರಲ್ಲಿ ಬಹುತೇಕರು ತಿಂಗಳೊಳಗೆ ತೀರಿಕೊಂಡರು. ಅಲ್ಲಿಯವರೆಗಿನ ಅವರ ಜೀವನಮಟ್ಟ ಶಸ್ತ್ರಚಿಕಿತ್ಸೆಗೆ ಒಳಗಾದವರಿಗಿಂತ ಕಡಿಮೆಯಿರಲಿಲ್ಲ.