ಶೂನ್ಯ ಬಾಕಿ

ಹೋದ ತಿಂಗಳು ನನ್ನ ಹಳೆಯ ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ ಬಹಳ ದಿನಗಳ ಮೇಲೆ ಸೊನ್ನೆ ಕಂಡಿತು. ಎರಡು ದಿನ ಹಗುರಾಗಿ ಓಡಾಡಿದೆ. ಮೂರನೆಯ ದಿನ ಹೊಳೆಯಿತು: ನಾನು ಸಾಲ ತೀರಿಸಿರಲಿಲ್ಲ, ಅದರ ಮನೆ ಬದಲಿಸಿದ್ದೆ ಅಷ್ಟೆ.

ಫೆಲೋಶಿಪ್ ಐದು ತಿಂಗಳು ತಡವಾದಾಗ ಬಾಡಿಗೆ, ಊಟ, ಕ್ಷೇತ್ರಕಾರ್ಯದ ಬಸ್ ಖರ್ಚು ಎಲ್ಲವೂ ಆ ಕಾರ್ಡಿನ ಮೇಲೆ ಬಿದ್ದಿತ್ತು. 60,000 ರೂಪಾಯಿ ಬಾಕಿಗೆ ತಿಂಗಳಿಗೆ ಶೇ. 3.5ರಂತೆ ಬಡ್ಡಿ 2,100. ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ 378. ಕನಿಷ್ಠ ಮೊತ್ತವೆಂದು 3,000 ಕಟ್ಟಿದರೆ ಅಸಲಿಗೆ ಸೇರುತ್ತಿದ್ದದ್ದು 522 ರೂಪಾಯಿ. ಕಡಿಮೆ ಬಡ್ಡಿಯ ಇನ್ನೊಂದು ಕಾರ್ಡಿಗೆ ಬಾಕಿಯನ್ನು ವರ್ಗಾಯಿಸಿದೆ. ಈಗ ಬರಿದಾಗಿ ಕೂತಿರುವ ಹಳೆಯದನ್ನು ಇಟ್ಟುಕೊಳ್ಳಬೇಕೋ, ಮುಚ್ಚಬೇಕೋ?

ಮುಚ್ಚಬೇಡ ಎಂದ ಅರ್ಥಶಾಸ್ತ್ರ ಓದುವ ಗೆಳೆಯ. ಅವನ ಲೆಕ್ಕ ಸರಿಯಾಗಿಯೇ ಇದೆ. ಹಳೆಯ ಕಾರ್ಡಿನ ಮಿತಿ ಒಂದು ಲಕ್ಷ, ಹೊಸದರದು 80,000. ಎರಡೂ ಇದ್ದರೆ ನನ್ನ ಬಾಕಿ ಒಟ್ಟು ಮಿತಿಯ ಮೂರನೇ ಒಂದು ಪಾಲು. ಹಳೆಯದನ್ನು ಮುಚ್ಚಿದರೆ ಶೇ. 75. ಸಾಲ ಒಂದು ರೂಪಾಯಿಯೂ ಹೆಚ್ಚದೆ ನನ್ನ ಸಿಬಿಲ್ ಅಂಕ ಕುಸಿಯಬಹುದು. 300ರಿಂದ 900ರವರೆಗಿನ ಆ ಅಂಕ ಖಾತೆಯ ವಯಸ್ಸನ್ನೂ ಗೌರವಿಸುತ್ತದೆ. ಬ್ಯಾಂಕಿನಿಂದ ಎಂದೂ ಸಾಲ ತೆಗೆಯದ ನನ್ನ ಅಜ್ಜಿಗೆ ಅಂಕವೇ ಇಲ್ಲ.

ಈ ಅಂಕದ ಹಿಂದೆ ಒಂದು ನೀತಿಯಿದೆ, ಅದು ತೀರಾ ಕ್ಷುಲ್ಲಕವೂ ಅಲ್ಲ: ಬಾಗಿಲು ತೆರೆದಿದ್ದೂ ಒಳಗೆ ಕಾಲಿಡದವನೇ ನಂಬಿಕಸ್ಥ. ಕಾಳಿದಾಸನ ‘ಕುಮಾರಸಂಭವ’ದ ಮೊದಲ ಸರ್ಗದಲ್ಲಿ ಶಿವ, ತಪಸ್ಸಿಗೆ ಅಡ್ಡಿಯಾಗಬಲ್ಲಳೆಂದು ತಿಳಿದೂ ಪಾರ್ವತಿಯ ಸೇವೆಯನ್ನು ಒಪ್ಪಿಕೊಳ್ಳುತ್ತಾನೆ. ಮನಸ್ಸು ಕದಡುವ ಕಾರಣ ಎದುರಿಗಿದ್ದೂ ಕದಡದಿರುವುದೇ ಧೀರತನ ಎಂಬುದು ಅಲ್ಲಿನ ಸಮರ್ಥನೆ. ಕಾರ್ಡನ್ನು ಪರ್ಸಿನಲ್ಲಿಟ್ಟುಕೊಂಡೇ ಸಂಯಮ ಕಲಿ ಎನ್ನುವವರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಲಾರದು.

ಆದರೆ ಕಾವ್ಯ ಅಲ್ಲಿಗೆ ಮುಗಿಯುವುದಿಲ್ಲ. ಮೂರನೇ ಸರ್ಗದಲ್ಲಿ ಶಿವನ ಧೈರ್ಯವೂ ಒಂದು ಗಳಿಗೆ ಅಲುಗುತ್ತದೆ. ಕಾಮನನ್ನು ಸುಟ್ಟ ಮೇಲೆ ಅವನು ಅಲ್ಲಿಯೇ ಕೂತು ತನ್ನನ್ನು ಮತ್ತೆ ಪರೀಕ್ಷಿಸಿಕೊಳ್ಳುವುದಿಲ್ಲ. ಹೆಣ್ಣಿನ ಸಾಮೀಪ್ಯವೇ ಬೇಡವೆಂದು ಗಣಗಳೊಡನೆ ಅಂತರ್ಧಾನನಾಗುತ್ತಾನೆ. ಇದನ್ನು ಸೋಲು ಎಂದು ನನಗೆ ಓದಲಾಗುವುದಿಲ್ಲ. ತಾನು ಅಲುಗಿದ್ದನ್ನು ಕಂಡುಕೊಂಡವನು ಜಾಗ ಬಿಡುವುದೂ ಒಂದು ಬಗೆಯ ವಿವೇಕವೇ.

ನಾನು ಅಲುಗಿದ್ದೇನೆಯೇ? ಸೊನ್ನೆ ಕಂಡ ವಾರವೇ ಆ ಕಾರ್ಡಿನಲ್ಲಿ 1,400 ರೂಪಾಯಿಯ ಒಂದು ಪುಸ್ತಕ ಕೊಂಡೆ. ಸಂಶೋಧನೆಗೆ ಬೇಕು ಎಂದು ಹೇಳಿಕೊಂಡೆ. ಅದೇ ಪುಸ್ತಕ ನಮ್ಮ ಗ್ರಂಥಾಲಯದಲ್ಲಿತ್ತು. ‘ಅಂಕಕ್ಕಾಗಿ ಇಟ್ಟುಕೊಳ್ಳುತ್ತೇನೆ’ ಎನ್ನುವಾಗ ನಿಜವಾಗಿ ನನಗೆ ಹಿತವಾಗಿದ್ದದ್ದು ಬೇರೆ: ಮತ್ತೆ ಫೆಲೋಶಿಪ್ ತಡವಾದರೆ ಇನ್ನೊಂದು ಲಕ್ಷ ಇದೆ ಎಂಬ ಭಾವ. ಆ ಲಕ್ಷ ನನ್ನದಲ್ಲ. ಸಾಲ ಬಿಟ್ಟುಹೋದ ಮನೆ ಖಾಲಿಯಿದ್ದರೆ ಇನ್ನೊಂದು ಸಾಲ ಬಂದು ಸೇರುತ್ತದೆ. ಆಗ ಎರಡೂ ಕಡೆ ಬಾಡಿಗೆ ನಾನೇ ಕಟ್ಟಬೇಕು.

ಇದು ಎಲ್ಲರಿಗೂ ಹೇಳುವ ಮಾತಲ್ಲ. ಬರುವ ವರ್ಷ ಮನೆ ಸಾಲಕ್ಕೆ ಅರ್ಜಿ ಹಾಕುವವರು, ಕಾರ್ಡು ಕಪಾಟಿನಲ್ಲಿದ್ದರೂ ಮರೆತಿರಬಲ್ಲವರು ಅದನ್ನು ಇಟ್ಟುಕೊಳ್ಳುವುದೇ ಜಾಣತನ. ನನ್ನ ಮುಂದೆ ಅಂಥ ಅರ್ಜಿಯಿಲ್ಲ, ಪ್ರಬಂಧವಿದೆ. ಅಂಕ ಬಿದ್ದರೂ ಸಾಲ ಇಳಿದಂತೆ ಆ ಶೇ. 75 ಕೂಡ ಇಳಿಯುತ್ತದೆ.

ಹಾಗಾಗಿ ಪುಸ್ತಕದ ಹಣ ಕಟ್ಟಿದೆ. ವರ್ಗಾವಣೆಗೆ ಮುಂಚಿನ ಕೆಲವು ದಿನಗಳ ಬಡ್ಡಿ ಮುಂದಿನ ಬಿಲ್ಲಿನಲ್ಲಿ ತಲೆಯೆತ್ತಿತ್ತು, ಅದನ್ನೂ ಕಟ್ಟಿ ಮುಚ್ಚುವ ಕೋರಿಕೆ ಕಳಿಸಿದೆ. ಬಾಕಿ ಇಲ್ಲದಿದ್ದರೆ ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ದಂಡ ಎನ್ನುತ್ತದೆ ರಿಸರ್ವ್ ಬ್ಯಾಂಕಿನ ನಿಯಮ.

ನಮ್ಮೂರಿನ ಅಂಗಡಿಯವರು ಅಜ್ಜಿಯ ಬಾಕಿ ತೀರಿದಾಗ ಉದ್ರಿ ಪುಸ್ತಕದ ಪುಟಕ್ಕೆ ಅಡ್ಡಗೆರೆ ಎಳೆದು ಅವಳಿಗೆ ತೋರಿಸುತ್ತಿದ್ದರು. ನನ್ನ ಗೆರೆ ಇನ್ನೂ ಅರ್ಧ ಮಾತ್ರ ಎಳೆದದ್ದು. ಹೊಸ ಕಾರ್ಡಿನಲ್ಲಿ ಐದು ಕಂತು ಉಳಿದಿವೆ.